ಆಲ್ಫಾ 0.98 ಬಂದರೆ ಖುಷಿಪಡುವ ಮೊದಲು 99 ಹುಡುಕಿ

ಪ್ರಶ್ನಾವಳಿಯ ಡೇಟಾವನ್ನು ದುಡ್ಡು ಕೊಟ್ಟು ಬೇರೆಯವರಿಂದ ಅನಾಲಿಸಿಸ್ ಮಾಡಿಸುವವರು ದಯವಿಟ್ಟು ಇದನ್ನು ಓದಿ.

ನನ್ನ ಪ್ರಬಂಧದ ಎಸ್‌ಪಿಎಸ್‌ಎಸ್ (ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್) ಕೆಲಸವನ್ನು ಒಬ್ಬರಿಗೆ ಒಪ್ಪಿಸಿದ್ದೆ. ಅವರು ಕಳಿಸಿದ್ದು ಒಂದೇ ಒಂದು ಚಿಕ್ಕ ಟೇಬಲ್: ಕ್ರಾನ್‌ಬಾಕ್ ಆಲ್ಫಾ 0.98. ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋದರ ಅಳತೆ ಇದು, ಹೆಚ್ಚೆಂದರೆ 1. ಸಾಮಾನ್ಯವಾಗಿ 0.7 ದಾಟಿದರೆ ಸಾಕು ಅನ್ನುತ್ತಾರೆ. ಗೈಡ್ ಮಾತ್ರ, "ಇದು ಯಾಕೋ ಜಾಸ್ತಿ ಆಯ್ತು, ಪೂರ್ತಿ ಔಟ್‌ಪುಟ್ ತರಿಸಿ" ಅಂದರು.

ತರಿಸೋಕೆ ಜಗಳವನ್ನೇ ಆಡಬೇಕಾಯಿತು. "ರಿಸಲ್ಟ್ ಕೊಟ್ಟಿದ್ದೀವಲ್ಲ, ಇನ್ನೇನು ಬೇಕು?" ಅನ್ನೋ ಉತ್ತರ. ಕೊನೆಗೆ ಡೇಟಾ ಫೈಲನ್ನೇ ಇಸಿದುಕೊಂಡು ನಾನೇ ರನ್ ಮಾಡಿದೆ. ರಿಲಯಬಿಲಿಟಿ ಅನಾಲಿಸಿಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಟನ್ ಒತ್ತಿ 'ಐಟಂ' ಟಿಕ್ ಮಾಡಿದರೆ ಪ್ರತಿ ಪ್ರಶ್ನೆಯ ಸರಾಸರಿ ಬರುತ್ತದೆ. ನೋಡಿದರೆ 1ರಿಂದ 5ರ ಸ್ಕೇಲ್‌ನಲ್ಲಿ ಸರಾಸರಿ 8ರ ಹತ್ತಿರ! ಹೆಚ್ಚೆಂದರೆ 5 ಇರುವ ಕಡೆ 8 ಎಲ್ಲಿಂದ ಬಂತು?

ಉತ್ತರ ಬಿಟ್ಟ ಕಡೆಯಲ್ಲೆಲ್ಲ 99 ಹಾಕಿದ್ದರು. ಹಾಗೆ ಹಾಕೋದು ರೂಢಿ, ಅದು ತಪ್ಪಲ್ಲ. ಆದರೆ ವೇರಿಯಬಲ್ ವ್ಯೂನ (ಪ್ರತಿ ಪ್ರಶ್ನೆಯ ವಿವರ ತುಂಬುವ ಪುಟ) 'ಮಿಸ್ಸಿಂಗ್' ಕಾಲಮ್‌ನಲ್ಲಿ 99 ಅಂದರೆ ಖಾಲಿ ಅಂತ ತಿಳಿಸಿರಲಿಲ್ಲ. ಸಾಫ್ಟ್‌ವೇರ್ ಅದನ್ನು ನಿಜವಾದ ಅಂಕ ಅಂತಲೇ ಲೆಕ್ಕ ಹಾಕಿತು. ಈ ಪ್ರಶ್ನೆಗಳನ್ನು ಪೂರ್ತಿ ಬಿಟ್ಟವರಿಗೆ ಎಲ್ಲ ಪ್ರಶ್ನೆಗೂ 99, ಉಳಿದವರಿಗೆ ಎಲ್ಲವೂ 5ರ ಒಳಗೆ. ಅಂದರೆ ಪ್ರಶ್ನೆಗಳೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದ ಹಾಗೆ ಕಾಣುತ್ತದೆ. ಆಲ್ಫಾ ನೋಡೋದೇ ಅದನ್ನು ಅಲ್ವಾ? ನೂರಕ್ಕೆ ಐದು ಜನ ಹೀಗೆ ಬಿಟ್ಟರೂ ಸಾಕು, ಆಲ್ಫಾ ಆಕಾಶಕ್ಕೇರುತ್ತದೆ.

ಇನ್ನೊಂದು ಸುಳಿವು ಕೇಸ್ ಪ್ರೊಸೆಸಿಂಗ್ ಸಮ್ಮರಿಯಲ್ಲೇ (ಎಷ್ಟು ಜನ ಲೆಕ್ಕಕ್ಕೆ ಬಂದರು ಅನ್ನೋ ಟೇಬಲ್) ಇತ್ತು. ಒಂದು ಪ್ರಶ್ನೆ ಖಾಲಿ ಇದ್ದರೂ ಎಸ್‌ಪಿಎಸ್‌ಎಸ್ ಆ ವ್ಯಕ್ತಿಯನ್ನು ಈ ಲೆಕ್ಕದಿಂದ ಪೂರ್ತಿ ಕೈಬಿಡುತ್ತದೆ. ಅಷ್ಟೊಂದು ಜನ ಉತ್ತರ ಬಿಟ್ಟಿದ್ದರೂ 'ಎಕ್ಸ್‌ಕ್ಲೂಡೆಡ್' (ಕೈಬಿಟ್ಟವರು) ಎದುರು 0 ಇತ್ತು.

99 ಅನ್ನು ಮಿಸ್ಸಿಂಗ್ ಅಂತ ಗುರುತಿಸಿದ ಮೇಲೆ ಆಲ್ಫಾ 0.31ಕ್ಕೆ ಬಿತ್ತು. ಅದಕ್ಕೆ ಅವರ ಪರಿಹಾರ ಕೇಳಿ: 'ಆಲ್ಫಾ ಇಫ್ ಐಟಂ ಡಿಲೀಟೆಡ್' (ಆ ಪ್ರಶ್ನೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ ಅನ್ನೋ ಕಾಲಮ್) ನೋಡಿ ನಾಲ್ಕು ಪ್ರಶ್ನೆ ಕಿತ್ತುಹಾಕಿ ಅಂತ! ಆ ನಾಲ್ಕಕ್ಕೂ ಕರೆಕ್ಟೆಡ್ ಐಟಂ-ಟೋಟಲ್ ಕೋರಿಲೇಶನ್ ಮೈನಸ್ ಇತ್ತು, ಅಂದರೆ ಉಳಿದ ಪ್ರಶ್ನೆಗಳ ಒಟ್ಟು ಅಂಕ ಏರಿದಾಗ ಇವು ಇಳಿಯುತ್ತಿದ್ದವು. ಪ್ರಶ್ನೆ ಓದಿದ್ದರೆ ಕಾರಣ ಗೊತ್ತಾಗುತ್ತಿತ್ತು. "ನನಗೆ ಕೆಲಸದಲ್ಲಿ ಆಸಕ್ತಿ ಇಲ್ಲ" ಅನ್ನೋ ಥರದ ಉಲ್ಟಾ ವಾಕ್ಯಗಳು ಅವು. ರಿವರ್ಸ್ ಕೋಡ್ (ಇಂಥ ಪ್ರಶ್ನೆಯ ಅಂಕ ತಿರುಗಿಸಿ 5 ಅನ್ನು 1, 4 ಅನ್ನು 2 ಮಾಡುವುದು) ಮಾಡಿರಲೇ ಇಲ್ಲ. 99ರ ಗದ್ದಲದಲ್ಲಿ ಇದೂ ಮುಚ್ಚಿಹೋಗಿತ್ತು.

5 ಅಂಕದ ಸ್ಕೇಲ್ ಆದರೆ 6ರಿಂದ ಉತ್ತರದ ಅಂಕ ಕಳೆದರೆ ಮುಗಿಯಿತು. ಆದರೆ ಮೊದಲು ಮಿಸ್ಸಿಂಗ್ ಸರಿಮಾಡಿ, ಇಲ್ಲದಿದ್ದರೆ 99 ಹೋಗಿ ಮೈನಸ್ 93 ಆಗುತ್ತದೆ. ಮತ್ತೆ ಹಳೆಯ ಕಾಲಮ್ ಮೇಲೇ ಬರೆಯಬೇಡಿ, ಹೊಸ ಹೆಸರು ಕೊಡಿ. ಎರಡು ಸಲ ರನ್ ಆದರೆ ಉಲ್ಟಾ ಮತ್ತೆ ಉಲ್ಟಾ ಆಗಿ ಮೊದಲಿನಂತೆಯೇ ಕೂರುತ್ತದೆ. ಒಂದು ಪ್ರಶ್ನೆಯನ್ನೂ ತೆಗೆಯದೆ ನನ್ನದು ಈಗ 0.79 ಬಂದಿದೆ.

ದುಡ್ಡು ವಾಪಸ್ ಬರಲಿಲ್ಲ. ನೀವು ಯಾರಿಗಾದರೂ ಈ ಕೆಲಸ ಕೊಡುವುದಾದರೆ ಬರೀ ಟೇಬಲ್ ತಗೋಬೇಡಿ. ಡೇಟಾ ಫೈಲ್, ಸಿಂಟ್ಯಾಕ್ಸ್ ಫೈಲ್ (ಸಾಫ್ಟ್‌ವೇರ್‌ಗೆ ಕೊಟ್ಟ ಆದೇಶಗಳ ಫೈಲ್), ಐಟಂ ಸರಾಸರಿ ಇರುವ ಪೂರ್ತಿ ಔಟ್‌ಪುಟ್, ಈ ಮೂರೂ ಕೊಡಬೇಕು ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.