ಡಬ್ಬಿ ಹಿಡಿದು ಹೋದವರಿಗೆ ಮುಜುಗರ ಮಾಡದ ಲ್ಯಾಬ್

ಮಲ ಪರೀಕ್ಷೆಗೂ ಯಾರಾದರೂ ರಿವ್ಯೂ ಬರೆಯುತ್ತಾರಾ ಅಂತ ನಮ್ಮನೆಯವರು ನಕ್ಕರು. ನಗಲಿ. ಶಿರಸಿ ಪೇಟೆಯ ಈ ಪುಟ್ಟ ಲ್ಯಾಬಿಗೆ ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್.

ಜುಲೈನಲ್ಲಿ ಮೂರು ವಾರ ನನ್ನ ಹೊಟ್ಟೆ ನೆಟ್ಟಗಿರಲಿಲ್ಲ. ಉಂಡ ಕೂಡಲೇ ಹೊಟ್ಟೆ ಡೊಳ್ಳು, ಜಿಡ್ಡು ಜಿಡ್ಡು ಭೇದಿ, ಕೊಳೆತ ಮೊಟ್ಟೆ ವಾಸನೆಯ ತೇಗು. ಜನ್ಮದಲ್ಲಿ ಮೊಟ್ಟೆ ಮುಟ್ಟದವಳಿಗೆ ಈ ಗತಿ! ಅತ್ತೆ ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿ ಮಾಡಿಕೊಟ್ಟರು. ತಂಬುಳಿ ಚೆನ್ನಾಗಿತ್ತು, ಹೊಟ್ಟೆ ಹಾಗೇ ಇತ್ತು. ಬೇರೊಂದು ಕಡೆ ಪರೀಕ್ಷೆಗೆ ಕೊಟ್ಟೆ, ಜೊತೆಗೆ ಮಗನದ್ದೂ ಕೊಟ್ಟೆ. ನನ್ನದು ನಾರ್ಮಲ್ ಅಂತೆ. ಗುಂಡುಕಲ್ಲಿನ ಹಾಗಿರುವ ಮಗನಿಗೆ 'ಅಮೀಬಾ ಸಿಸ್ಟ್ ಇದೆ' ಅಂತ ಬಂತು, ಅಂದರೆ ಗಟ್ಟಿ ಕವಚದೊಳಗೆ ಮುದುಡಿ ಕೂತ ಅಮೀಬಾ. ಯಾವ ಅಮೀಬಾ, ಏನು ಕಥೆ, ಒಂದಕ್ಷರ ಇಲ್ಲ. ತಲೆಕೆಟ್ಟು ಇಲ್ಲಿಗೆ ಬಂದೆ.

ಇಲ್ಲಿಯ ಟೆಕ್ನಿಷಿಯನ್ ಅಕ್ಕ ಮೊದಲು ಕೇಳಿದ್ದೇ 'ಹಿಡಿದು ಎಷ್ಟು ಹೊತ್ತಾಯಿತು?' ಅಂತ. ನೀರು ನೀರು ಭೇದಿಯಾದರೆ ಅರ್ಧ ಗಂಟೆಯೊಳಗೆ ನೋಡಬೇಕು, ತಡವಾದರೆ ಓಡಾಡುವ ಜೀವಿ ಸತ್ತು ಕರಗುತ್ತದಂತೆ. ನಮ್ಮೂರಿಂದ ಬಸ್ಸಿಗೇ ಮುಕ್ಕಾಲು ಗಂಟೆ. ಕೊನೆಗೆ ಅವರ ಟಾಯ್ಲೆಟ್ಟಿನಲ್ಲೇ ಕೆಲಸ ಮುಗಿಸಿದೆ. ಚೊಕ್ಕವಾಗಿದೆ, ಬಕೆಟ್ ತುಂಬ ನೀರಿದೆ. ಈ ಜೀವಿಗಳು ದಿನಾ ಹೊರಗೆ ಬೀಳುವುದಿಲ್ಲವಂತೆ, ಹಾಗಾಗಿ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೇಳಿದರು. ಮೂರನೆಯದರಲ್ಲಿ ಜಿಯಾರ್ಡಿಯಾ ಅನ್ನುವ, ಕರುಳಿನಲ್ಲಿ ಸೇರಿ ಭೇದಿ ತರುವ ಒಂಟಿಕೋಶದ ಜೀವಿ ಸಿಕ್ಕಿಬಿತ್ತು.

'ನೋಡ್ತೀರಾ?' ಅಂದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಮಬ್ಬು ನೀರಿನಲ್ಲಿ ಪೇರಳೆ ಆಕಾರದ ಒಂದು ಚೂರು, ಮರದಿಂದ ಉದುರುವ ಎಲೆಯ ಹಾಗೆ ಹೊರಳಾಡುತ್ತಾ ಹೋಯಿತು. ಅಸಹ್ಯ ಆಗಬೇಕಿತ್ತು. ಆಗಲಿಲ್ಲ, ಇನ್ನೊಂದು ಬರುತ್ತದಾ ಅಂತ ಕಾದೆ. 1681ರಲ್ಲಿ ಹಾಲೆಂಡಿನ ಲೇವನ್‌ಹುಕ್, ತಾನೇ ಮಾಡಿದ ಮೈಕ್ರೋಸ್ಕೋಪಿನಲ್ಲಿ ಸೂಕ್ಷ್ಮಜೀವಿಗಳನ್ನು ಹುಡುಕಿದವನು, ತನ್ನದೇ ಭೇದಿಯಲ್ಲಿ ಇದನ್ನು ನೋಡಿದ್ದ. ಅವನಿಗೂ ಹೀಗೇ ಆಗಿರಬೇಕು ಅಲ್ವಾ?

ಮಗನ ಸ್ಲೈಡಿಗೆ ಅಯೋಡಿನ್ ಹಾಕಿ, ಫೋಕಸ್ ಮೇಲೆ ಕೆಳಗೆ ಮಾಡಿ, ದುಂಡನೆಯ ಸಿಸ್ಟಿನೊಳಗಿನ ನ್ಯೂಕ್ಲಿಯಸ್ ಎಣಿಸಿದರು. ಎಂಟು. ಆಮಶಂಕೆ ತರುವ ಅಮೀಬಾ ಹಿಸ್ಟೊಲಿಟಿಕಾಕ್ಕೆ ನಾಲ್ಕಕ್ಕಿಂತ ಜಾಸ್ತಿ ಇರುವುದಿಲ್ಲ. ಇದು ಎಂಟಮೀಬಾ ಕೋಲೈ, ಕರುಳಲ್ಲಿ ಸುಮ್ನೆ ಬಾಡಿಗೆಗಿರುವ ಜೀವಿ. ಎಲ್ಲೋ ಗಲೀಜು ನೀರೋ ತಿಂಡಿಯೋ ಹೊಟ್ಟೆಗೆ ಹೋಗಿದೆ ಅನ್ನುವುದಕ್ಕೆ ಗುರುತು, ಅಷ್ಟೇ. ಡಾಕ್ಟರೂ ಅದನ್ನೇ ಹೇಳಿದರು. ಮಗನಿಗೆ ಮಾತ್ರೆ ತಪ್ಪಿತು. ನನಗೆ ಮೆಟ್ರೊನಿಡಜೋಲ್. ಐದು ದಿನ ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದ ರುಚಿ. ಭೇದಿ ನಿಂತ ಮೇಲೂ ಒಂದು ತಿಂಗಳು ಹಾಲು ಒಗ್ಗಲಿಲ್ಲ, ಮಜ್ಜಿಗೆ ಒಗ್ಗಿತು.

ಮನೆಯ ಅಬ್ಬಿ ನೀರಿನ ವಿಷಯವನ್ನೂ ಅಕ್ಕನೇ ಎತ್ತಿದರು. ಬ್ಲೀಚಿಂಗ್ ಪೌಡರಿಗೆ ಜಿಯಾರ್ಡಿಯಾ ಸಿಸ್ಟ್ ಸುಲಭಕ್ಕೆ ಸಾಯುವುದಿಲ್ಲ, ನೀರು ಕುದಿಸಬೇಕು. 'ಬೆಟ್ಟದ ನೀರು, ಅಮೃತ' ಅನ್ನುತ್ತಿದ್ದ ಮಾವನವರೂ ಈಗ ಕುದಿಸಿದ್ದನ್ನೇ ಕುಡಿಯುತ್ತಿದ್ದಾರೆ, ಮುಖ ಸಿಂಡರಿಸಿಕೊಂಡು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಹಿಸ್ಟೊಲಿಟಿಕಾಕ್ಕೆ ಡಿಸ್ಪಾರ್ ಅಂತ ಒಬ್ಬ ನಿರುಪದ್ರವಿ ಅವಳಿ ಇದ್ದಾನೆ. ಸಿಸ್ಟ್ ನೋಡಿ ಇಬ್ಬರನ್ನೂ ಬೇರೆ ಮಾಡಲಾಗುವುದಿಲ್ಲ. ಅದಕ್ಕೆ ಬೇಕಾದ ಆಂಟಿಜೆನ್ ಪರೀಕ್ಷೆ ಇಲ್ಲಿಲ್ಲ, ಹೊರಗೆ ಕಳಿಸುತ್ತಾರೆ. ಕೂರಲು ಇರುವುದು ನಾಲ್ಕೇ ಕುರ್ಚಿ. ಹನ್ನೊಂದರ ಮೇಲೆ ಹೋದರೆ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ. ಡಬ್ಬಿ ಅವರೇ ಕೊಡುತ್ತಾರೆ, ನನ್ನ ಹಾಗೆ ಉಪ್ಪಿನಕಾಯಿ ಬಾಟಲಿ ತೊಳೆದು ಒಯ್ಯಬೇಡಿ.