ಕಛ್‌ನ ಬ್ಲೀಚಿಂಗ್ ಅರ್ತ್: ಶೇಂಗಾ ಎಣ್ಣೆಗೆ ಹದವಾದ ಆಸಿಡ್ ಸಾಕು

ಚಳ್ಳಕೆರೆಯಲ್ಲಿ ಎಣ್ಣೆ ರಿಫೈನ್ ಮಾಡುವ ಘಟಕವೊಂದರ ಲ್ಯಾಬ್ ನನ್ನ ಜವಾಬ್ದಾರಿ. ಕಛ್ ಕಡೆಯ ಬೆಂಟೊನೈಟ್ ಜೇಡಿಮಣ್ಣಿನಿಂದ ಮಾಡಿದ ಎರಡು ಗ್ರೇಡಿನ ಬ್ಲೀಚಿಂಗ್ ಅರ್ತ್, ಅಂದರೆ ಎಣ್ಣೆಯ ಬಣ್ಣ ತೆಗೆಯುವ ಪುಡಿ, ಬಳಸಿ ನೋಡಿದ್ದೇನೆ. ಒಂದಕ್ಕೆ ಆಸಿಡ್ ಹದವಾಗಿ ಕೊಟ್ಟಿದ್ದಾರೆ, ಇನ್ನೊಂದಕ್ಕೆ ಜೋರಾಗಿ. ಶೇಂಗಾ ಎಣ್ಣೆಗೆ ನಾನು ಕೇಳುವುದು ಮೊದಲನೆಯದನ್ನೇ. ಬೆಲೆ ಕಡಿಮೆ ಅನ್ನುವುದು ಆಮೇಲಿನ ಮಾತು.

ಬೆಂಟೊನೈಟ್‌ನಲ್ಲಿ ಕೆಲಸ ಮಾಡುವುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ಒಂದೊಂದು ಪದರದಲ್ಲೂ ಎರಡು ಸಿಲಿಕಾ ಹಾಳೆಗಳ ಮಧ್ಯೆ ಅಲ್ಯುಮಿನಿಯಂ, ಮೆಗ್ನೀಸಿಯಂ, ಕಬ್ಬಿಣ ಇರುವ ಹಾಳೆಯೊಂದು ಸಿಕ್ಕಿಕೊಂಡಿರುತ್ತದೆ. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕಾಯಿಸಿದಾಗ ಮೊದಲು ಪದರಗಳ ನಡುವಿನ ಕ್ಯಾಲ್ಸಿಯಂ, ಸೋಡಿಯಂ ಹೊರಬಿದ್ದು ಅಲ್ಲಿ ಹೈಡ್ರೋಜನ್ ಸೇರುತ್ತದೆ. ನಂತರ ಮಧ್ಯದ ಹಾಳೆಯ ಲೋಹಗಳು ಅಂಚಿನಿಂದ ಕರಗತೊಡಗುತ್ತವೆ. ಅಂಚು ಬಿಚ್ಚಿಕೊಂಡು ಕೆಲವೇ ನ್ಯಾನೊಮೀಟರ್ ಅಗಲದ ರಂಧ್ರಗಳು ತೆರೆಯುತ್ತವೆ. ಗ್ರಾಂಗೆ 80 ಚದರ ಮೀಟರ್ ಆಸುಪಾಸಿನ ಮೇಲ್ಮೈ 200ರಿಂದ 300ರವರೆಗೆ ಏರುವುದುಂಟು. ಎಣ್ಣೆಗೆ ಬಣ್ಣ ಕೊಡುವ ಕ್ಯಾರೊಟಿನ್, ಕ್ಲೋರೊಫಿಲ್ ಹೋಗಿ ಹಿಡಿದುಕೊಳ್ಳುವುದು ಇಲ್ಲಿ.

ಆಸಿಡ್ ಹೆಚ್ಚಿಸುತ್ತಲೇ ಹೋದರೆ ಏರಿದ ಮೇಲ್ಮೈ ಮತ್ತೆ ಇಳಿಯುತ್ತದೆ. ಮಧ್ಯದ ಹಾಳೆ ಕರಗಿಹೋಗಿ ಬರೀ ಸಿಲಿಕಾ ಉಳಿಯುತ್ತದೆ, ಸಣ್ಣ ರಂಧ್ರಗಳು ಕೂಡಿಕೊಂಡು ದೊಡ್ಡದಾಗುತ್ತವೆ. ‘ಆಸಿಡ್ ಜಾಸ್ತಿ, ಬಣ್ಣ ಜಾಸ್ತಿ ತೆಗೆಯುತ್ತೆ’ ಎಂದು ಮಾರುವವರ ಮಾತು ನಂಬಿ ಕೊಳ್ಳಬೇಡಿ.

ನಮ್ಮಲ್ಲಿ ಎಣ್ಣೆಯ ತೂಕದ ಶೇ. 1ರಷ್ಟು ಅರ್ತ್ ಹಾಕಿ, ವ್ಯಾಕ್ಯೂಮ್‌ನಲ್ಲಿ 100 ಡಿಗ್ರಿ ಹತ್ತಿರ ಇಡುತ್ತೇವೆ. ಶೇಂಗಾಕ್ಕೆ ಎರಡೂ ಗ್ರೇಡಿನಲ್ಲಿ ಬಣ್ಣ ಅಳೆಯುವ ಟಿಂಟೋಮೀಟರ್‌ನ ಕೆಂಪು ಹೆಚ್ಚುಕಡಿಮೆ ಒಂದೇ ಬಂತು. ಜೋರಿನದರಲ್ಲಿ ಮಾತ್ರ ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲ) ಸ್ವಲ್ಪ ಏರಿತು. ಅಕ್ಕಿ ತೌಡಿನ ಎಣ್ಣೆಯ ಕಥೆ ಬೇರೆ. ಆ ಹಸಿರುಗಪ್ಪು ಬಣ್ಣಕ್ಕೆ ಜೋರಿನ ಗ್ರೇಡೇ ಬೇಕು, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಒಬ್ಬ ಸರಬರಾಜುದಾರರ ಲಾಟ್‌ನಲ್ಲಿ ಆಸಿಡ್ ಸರಿಯಾಗಿ ತೊಳೆದಿರಲಿಲ್ಲ. ಅವರಿಂದ ತರಿಸುವುದನ್ನು ನಿಲ್ಲಿಸಿದೆ. ಚೀಲ ಬಂದ ಕೂಡಲೇ ಒಂದು ಚಮಚ ಅರ್ತ್ ಡಿಸ್ಟಿಲ್ಡ್ ನೀರಲ್ಲಿ ಕಲಕಿ ಪಿಎಚ್ ನೋಡಿ. 3ಕ್ಕಿಂತ ತೀರಾ ಕೆಳಗಿದ್ದರೆ ವಾಪಸ್ ಕಳಿಸಿ. ಸರ್ಟಿಫಿಕೇಟ್‌ನಲ್ಲಿ ಮೇಲ್ಮೈ ವಿಸ್ತೀರ್ಣ, ತೇವಾಂಶ ಎರಡೂ ಇರಲೇಬೇಕೆಂದು ಹಟ ಹಿಡಿಯಿರಿ.

ಹದದ ಗ್ರೇಡ್ ಫಿಲ್ಟರ್‌ನಲ್ಲೂ ಬೇಗ ಸಾಗುತ್ತದೆ. ನನ್ನಿಂದ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ತೆಳುವಾದ ಚೀಲಕ್ಕೆ, ಮಳೆಗಾಲದಲ್ಲಿ ತೇವ ಎಳೆಯುತ್ತದೆ. ಬಳಸಿದ ಅರ್ತ್ ಅನ್ನು ಮಾತ್ರ ಗೋಡೌನಿನಲ್ಲಿ ರಾಶಿ ಹಾಕಬೇಡಿ. ಅದರೊಳಗೆ ಉಳಿದ ಎಣ್ಣೆ ಗಾಳಿ ತಾಗಿ ಬಿಸಿಯೇರುತ್ತದೆ, ತಾನಾಗಿಯೇ ಹೊತ್ತಿಕೊಳ್ಳಬಹುದು.