ಸುರಂಗಕ್ಕೆ ಇಳಿದ ಗಾಡಿ, ನಾಲ್ಕು ರೆಗ್ಯುಲೇಟರು

ಪೆರ್ಲದಿಂದ ಒಳಗಿರುವ ನಮ್ಮ ತೋಟಕ್ಕೆ ನೀರು ಬರುವುದು ಗುಡ್ಡದ ಸುರಂಗದಿಂದ. ಅಜ್ಜನ ಕಾಲದಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದದ್ದು. ಒಬ್ಬರು ಬೆನ್ನು ಬಗ್ಗಿಸಿ ಹೋಗುವಷ್ಟೇ ಅಗಲ. ಕಳೆದ ಬೇಸಗೆಯಲ್ಲಿ ನೀರು ಇದ್ದಕ್ಕಿದ್ದಂತೆ ಬೆರಳು ಗಾತ್ರಕ್ಕೆ ಇಳಿಯಿತು. ಒಳಗೆಲ್ಲೋ ಮಣ್ಣು ಕುಸಿದಿರಬೇಕು. ಅಪ್ಪ ಇದ್ದಾಗ ದೀಪ ಹಿಡಿದು ಒಳಗೆ ಹೋಗುತ್ತಿದ್ದರು, ದೀಪ ಮಂಕಾದರೆ ಹಿಂದೆ ಬರುತ್ತಿದ್ದರು. ನನಗೆ ಆ ಧೈರ್ಯವಿಲ್ಲ. ಐಟಿಐಯಲ್ಲಿ ಕಲಿತ ಎಲೆಕ್ಟ್ರಾನಿಕ್ಸ್ ಮಾತ್ರ ಇದೆ. ಹಾಗಾಗಿ ರಿಮೋಟಿನಲ್ಲಿ ಓಡುವ ನಾಲ್ಕು ಚಕ್ರದ ಗಾಡಿಯೊಂದನ್ನು ಕಟ್ಟಿ, ಮೇಲೆ ಕ್ಯಾಮೆರಾ ಮತ್ತು ದೀಪ ಕೂರಿಸಿ, ಹಿಂದಕ್ಕೆ ನೈಲಾನ್ ಹಗ್ಗ ಬಿಗಿದೆ.

ಗಾಡಿಯ ಬ್ಯಾಟರಿ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್. ಹೆಸರಿಗೆ 11.1 ವೋಲ್ಟ್, ತುಂಬಿದಾಗ 12.6. ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೂ ಚಕ್ರ, ಕ್ಯಾಮೆರಾ ತಿರುಗಿಸುವ ಸರ್ವೋ ಮೋಟಾರುಗಳಿಗೂ ಬೇಕಾದದ್ದು 5 ವೋಲ್ಟ್. ನಡುವೆ ಕೂತು ವೋಲ್ಟೇಜನ್ನು ಇಳಿಸಿಕೊಡಬೇಕಾದ ರೆಗ್ಯುಲೇಟರನ್ನು ಆರಿಸುವುದರಲ್ಲೇ ನನ್ನ ಎರಡು ತಿಂಗಳು ಹೋಯಿತು. ಅದರಲ್ಲಿ ಅರ್ಧ ತಿಂಗಳು ತೋಟಕ್ಕೆ ಬೋರ್ಡೋ ಮದ್ದು ಹೊಡೆಯುವುದರಲ್ಲಿ ಹೋಯಿತು ಎನ್ನಿ, ರೆಗ್ಯುಲೇಟರಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸರಿಯಲ್ಲ.

ಮೊದಲಿಗೆ ಹಾಕಿದ್ದು 7805. ಮೂರು ಕಾಲಿನ, ಬೆನ್ನಿಗೆ ಲೋಹದ ತಗಡಿರುವ, ರೇಡಿಯೋ ರಿಪೇರಿಯವರೆಲ್ಲರಿಗೂ ಚಿರಪರಿಚಿತ ಬಿಡಿಭಾಗ. ಡಬ್ಬಿಯಲ್ಲಿ ಹತ್ತು ಬಿದ್ದಿದ್ದವು, ಖರ್ಚಿಲ್ಲ. ಒಳಬದಿಗೆ 0.33, ಹೊರಬದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರು (ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಹಾಕಿದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಆದರೆ ಅದು ಹೆಚ್ಚಿನ ವೋಲ್ಟೇಜನ್ನು ಬಿಸಿ ಮಾಡಿಯೇ ಕಳೆಯುತ್ತದೆ. 12.6ರಿಂದ 5 ಕಳೆದರೆ 7.6, ಗಾಡಿ 0.8 ಆಂಪಿಯರ್ ಎಳೆದರೆ 6 ವ್ಯಾಟ್ ಶಾಖ. ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರ ಕಾಲು ಭಾಗ ಬಿಸಿ ಒಂದು ಉಗುರಿನ ಗಾತ್ರದ ಚಿಪ್ಪಿನಲ್ಲಿ! ಅಂಗಳದಲ್ಲಿ ಒಂದು ಸುತ್ತು ಹೊಡೆದು ಗಾಡಿ ನಿಂತಿತು. ಎರಡು ನಿಮಿಷ ಬಿಟ್ಟು ತಾನಾಗಿಯೇ ಹೊರಟಿತು. ಮೈ ಕಾದಾಗ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ವ್ಯವಸ್ಥೆ ಅದರೊಳಗೇ ಇದೆ. ಮರ್ಯಾದಸ್ಥ ಬಿಡಿಭಾಗ, ಸುಟ್ಟುಹೋಗುವುದಿಲ್ಲ. ಆದರೆ ಸುರಂಗದ ಮಧ್ಯದಲ್ಲಿ ಎರಡು ನಿಮಿಷ ವಿಶ್ರಾಂತಿ ಕೇಳುವ ಗಾಡಿ ನನಗೆ ಬೇಡ.

ಎರಡು ಸೆಲ್ಲಿನ ಬ್ಯಾಟರಿ ಹಾಕಿದರೆ ಶಾಖ ಕಡಿಮೆಯಾಗುತ್ತದಲ್ಲ ಎಂದು ಭಾವ ಕೇಳಿದರು. ಕಡಿಮೆಯಾಗುತ್ತದೆ. ಆದರೆ 7805ಕ್ಕೆ ತನ್ನ ಮೇಲೆ ಸುಮಾರು 2 ವೋಲ್ಟ್ ಉಳಿಯಲೇಬೇಕು. ಅಂದರೆ ಒಳಗೆ 7 ವೋಲ್ಟಿಗಿಂತ ಕೆಳಗಿಳಿದ ಕ್ಷಣ ಹೊರಗಿನ 5 ಕುಸಿಯಲು ಶುರು. ಎರಡು ಸೆಲ್ಲಿನ ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಅಲ್ಲಿಗೇ ಬರುತ್ತದೆ. ಮೋಟಾರು ಬ್ಯಾಟರಿಯನ್ನು ಜಗ್ಗಿದಾಗಲಂತೂ ಅದಕ್ಕೂ ಮೊದಲೇ.

ಆಮೇಲೆ ಎಲ್‌ಎಂ2596 ಬೋರ್ಡು. ಇದು ವೋಲ್ಟೇಜನ್ನು ಕಾಯಿಸಿ ಕಳೆಯುವುದಿಲ್ಲ. ಸೆಕೆಂಡಿಗೆ ಒಂದೂವರೆ ಲಕ್ಷ ಬಾರಿ ಕರೆಂಟನ್ನು ಹಾಕಿ ತೆಗೆದು, ತಂತಿ ಸುತ್ತಿದ ಕಾಯಿಲಿನ ಮೂಲಕ ಬೇಕಾದಷ್ಟನ್ನೇ ಹೊರಗೆ ಕೊಡುತ್ತದೆ. ಅದೇ ಕೆಲಸಕ್ಕೆ 6 ವ್ಯಾಟ್ ಬದಲು ಒಂದು ವ್ಯಾಟಿನ ಆಸುಪಾಸು ಮಾತ್ರ ಬಿಸಿ. ನಾನು ಕೊಟ್ಟದ್ದು ಎಪ್ಪತ್ತು ರೂಪಾಯಿ. ಆದರೆ ಇದರ ಕಥೆಯಲ್ಲಿ ನನ್ನ ಒಂದು ರಿಸೀವರು ಸತ್ತಿದೆ. ಪೇಟೆಯ ಅಂಗಡಿಯವರು ಪೊಟ್ಟಣದ ಮೇಲೆ 5 ವೋಲ್ಟ್ ಎಂದು ಪೆನ್ನಿನಲ್ಲಿ ಬರೆದುಕೊಟ್ಟಿದ್ದರು. ನಾನು ನಂಬಿ ನೇರವಾಗಿ ಜೋಡಿಸಿದೆ. ಬೋರ್ಡಿನ ಮೇಲೆ ವೋಲ್ಟೇಜು ಹೊಂದಿಸುವ ನೀಲಿ ಪ್ರೀಸೆಟ್ಟು ಸುಮಾರು ಹನ್ನೊಂದು ವೋಲ್ಟಿಗೆ ನಿಂತಿತ್ತು. ಸುಟ್ಟ ವಾಸನೆ ಬಂದಮೇಲೆ ಮೀಟರು ಹಿಡಿದೆ. ಬರೆದದ್ದು ಅವರು, ಅಳತೆ ಮಾಡದೆ ಜೋಡಿಸಿದ್ದು ನಾನು, ಜಗಳಕ್ಕೆ ಹೋಗಲಿಲ್ಲ. ಈ ಬೋರ್ಡನ್ನು ಕೊಳ್ಳುವವರು ಬ್ಯಾಟರಿ ಕೊಟ್ಟು, ಹೊರಬದಿಗೆ ಮೀಟರು ಮಾತ್ರ ಹಿಡಿದು ಆ ಸ್ಕ್ರೂ ತಿರುಗಿಸಬೇಕು. ಮೊದಲ ಹತ್ತು ಸುತ್ತು ಏನೂ ಆಗದಂತೆ ಕಾಣಬಹುದು, ಕೆಟ್ಟಿದೆ ಎಂದು ಎಸೆಯಬೇಡಿ, ತಿರುಗಿಸುತ್ತಲೇ ಇರಿ.

ಅಳೆದು 5ಕ್ಕೆ ನಿಲ್ಲಿಸಿದ ಮೇಲೆ ಅದು ಚೆನ್ನಾಗಿಯೇ ನಡೆಯಿತು. ಆದರೆ ಸುರಂಗದ ಬಾಯಿಯಿಂದ ಹದಿನೈದು ಮೀಟರು ಹೋದದ್ದೇ ಗಾಡಿ ಸತ್ತಿತು. ಕಲ್ಲಿನೊಳಗೆ ರಿಮೋಟಿನ ಅಲೆ ಸಿಗುವುದಿಲ್ಲ ಎಂದು ನಾನೂ ಭಾವನೂ ತೀರ್ಮಾನಿಸಿ, ಹಗ್ಗ ಎಳೆದು, ಚಹಾ ಕುಡಿದೆವು. ಅಂಗಳದಲ್ಲಿ ಮುಂದಿನ ಚಕ್ರ ಅಡಿಕೆ ರಾಶಿಗೆ ಸಿಕ್ಕಿಕೊಂಡಾಗಲೂ ಹಾಗೆಯೇ ಸತ್ತಾಗ ಅನುಮಾನ ಬಂತು. ಚಕ್ರ ತಿರುಗಿಸುವ ಸರ್ವೋ ಎಂಜಿ996ಆರ್; ಅದನ್ನು ತಿರುಗಲು ಬಿಡದೆ ಹಿಡಿದರೆ 6 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಎಳೆಯುತ್ತದೆ. ಕೈಯಲ್ಲಿ ಚಕ್ರ ಹಿಡಿದು, ಭಾವ ರಿಮೋಟು ತಿರುಗಿಸುವಾಗ ಮೀಟರು ನೋಡಿದೆ: 4.1 ವೋಲ್ಟ್. ರಿಸೀವರು ಅಲ್ಲೇ ಮೂರ್ಛೆ ಹೋಗುತ್ತಿತ್ತು. ಅಲೆಯದಲ್ಲ ತಪ್ಪು, ಅನ್ನದ್ದು.

ಎಲ್‌ಎಂ2596 ಚಿಪ್ಪಿನ ಲೆಕ್ಕದಲ್ಲಿ 3 ಆಂಪಿಯರ್ ಸರಿ. ಆದರೆ ಶಾಖ ಹೀರುವ ಹೀಟ್‌ಸಿಂಕ್ ಇಲ್ಲದ ಆ ಬೋರ್ಡಿನಿಂದ ನಾನು ಎರಡಕ್ಕಿಂತ ಹೆಚ್ಚು ಕೇಳುವುದಿಲ್ಲ. ಸರ್ವೋದ ಪಕ್ಕದಲ್ಲೇ 1000 ಮೈಕ್ರೋಫ್ಯಾರಡಿನ ಕೆಪಾಸಿಟರು ಹಾಕಿದಾಗ ಕ್ಷಣಮಾತ್ರದ ಜಗ್ಗಾಟಗಳು ನಿಂತವು. ಕಲ್ಲಿಗೆ ಸಿಕ್ಕಿ ಎರಡು ಮೂರು ಸೆಕೆಂಡ್ ಒದ್ದಾಡುವಾಗ ಮಾತ್ರ ಕೆಪಾಸಿಟರಿನ ಆಟ ನಡೆಯಲಿಲ್ಲ. ಅದೇನು ತೊಟ್ಟಿಯೇ, ಲೋಟ ಅಷ್ಟೆ.

ಎಂಪಿ1584 ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, 28 ವೋಲ್ಟಿನವರೆಗೆ ತಾಳುತ್ತದೆ, ಇದಕ್ಕೂ 3 ಆಂಪಿಯರ್ ಎಂದೇ ಬರೆಯುತ್ತಾರೆ. ಒಂದೂವರೆ ಎಳೆದಾಗಲೇ ಬೆರಳು ಇಡಲಾಗಲಿಲ್ಲ. ಪ್ರೀಸೆಟ್ಟು ಒಂದೇ ಸುತ್ತಿನದು, ಕೂದಲೆಳೆ ತಿರುಗಿದರೆ ಅರ್ಧ ವೋಲ್ಟ್ ಆಚೀಚೆ. ಮುರಕಲ್ಲಿನ ಮೇಲೆ ಗಡಗಡ ಓಡುವ ಗಾಡಿಗೆ ಇದು ಭಯದ ವಿಷಯ. ಹೆಂಡತಿಯ ನೈಲ್ ಪಾಲಿಶ್ ಒಂದು ಹನಿ ಹಾಕಿ ಭದ್ರ ಮಾಡಿದೆ. ಈಗ ಕ್ಯಾಮೆರಾ ಓರೆ ಮಾಡುವ ಚಿಕ್ಕ ಎಸ್‌ಜಿ90 ಸರ್ವೋಕ್ಕೆ ಮಾತ್ರ ಇದರಿಂದ ಅನ್ನ.

ಕೊನೆಗೆ ದುಡ್ಡು ಬಿಚ್ಚಿ 5 ಆಂಪಿಯರಿನ ಯುಬೆಕ್, ಅಂದರೆ ರಿಸೀವರು, ಸರ್ವೋಗಳಿಗೆ ಬ್ಯಾಟರಿಯಿಂದ ಕರೆಂಟು ಇಳಿಸಿಕೊಡುವ ರೆಗ್ಯುಲೇಟರು, ತರಿಸಿದೆ, ಮುನ್ನೂರೈವತ್ತು ರೂಪಾಯಿ. ಮೊದಲೇ ಇದನ್ನು ಕೊಂಡಿದ್ದರೆ ರಿಸೀವರಿನ ಬೆಲೆ ಉಳಿಯುತ್ತಿತ್ತು ಎಂದು ಹೆಂಡತಿ ಲೆಕ್ಕ ಮಾಡಿದಳು. ಇದೂ ಒಳಗೆ ಎಲ್‌ಎಂ2596ರ ಜಾತಿಯದೇ, ಆದರೆ ಸರ್ವೋಗಳಿಗೆಂದೇ ಮಾಡಿದ್ದು: ಸುತ್ತ ತಗಡಿನ ಕವಚ, ಹೊರಬರುವ ವಯರಿಗೆ ವಿದ್ಯುತ್ ಗದ್ದಲ ತಡೆಯುವ ಫೆರೈಟ್ ಉಂಗುರ, 5 ಬೇಕೇ 6 ಬೇಕೇ ಎಂದು ಆರಿಸಲು ಒಂದು ಪುಟ್ಟ ಜಂಪರು. ತಿರುಗಿಸಿ ಕೆಡಿಸಲು ಪ್ರೀಸೆಟ್ಟೇ ಇಲ್ಲ, ಅದೇ ನನಗೆ ಹಿಡಿಸಿದ್ದು. ಚಕ್ರ ಹಿಡಿದು ಮತ್ತೆ ಅದೇ ಪರೀಕ್ಷೆ ಮಾಡಿದೆ: 4.9. ಒಂದು ಎಚ್ಚರ ಹೇಳಬೇಕು. ಮೋಟಾರಿನ ವೇಗ ನಿಯಂತ್ರಕದೊಳಗೂ ಸಾಮಾನ್ಯವಾಗಿ ಬೆಕ್ ಎಂಬ ಇಂಥದ್ದೇ ಒಂದು ರೆಗ್ಯುಲೇಟರು ಇರುತ್ತದೆ, ಅದೂ ರಿಸೀವರಿಗೆ ಕರೆಂಟು ಕೊಡಲು ಬರುತ್ತದೆ. ಎರಡು ಮನೆಯ ಊಟ ಬೇಡ. ನಿಯಂತ್ರಕದಿಂದ ಬರುವ ಮೂರು ವಯರುಗಳಲ್ಲಿ ನಡುವಿನ ಕೆಂಪನ್ನು ಕನೆಕ್ಟರಿನಿಂದ ಹೊರಗೆಳೆದು ಟೇಪು ಸುತ್ತಿ ಬಿಡಿ.

ಕೊರತೆಯೂ ಇದೆ. ವಯರು ಗಿಡ್ಡ, ಮೂರು ಇಂಚು ಹೆಚ್ಚು ಕೊಟ್ಟಿದ್ದರೆ ಕಂಪನಿಗೆ ನಷ್ಟವಾಗುತ್ತಿರಲಿಲ್ಲ. ತೇವಕ್ಕೆ ಏನೂ ರಕ್ಷಣೆ ಇಲ್ಲ, ನಾನು ಹಳೆಯ ಮಾತ್ರೆ ಡಬ್ಬಿಯೊಳಗೆ ಕೂರಿಸಿದ್ದೇನೆ.

ಗಾಡಿ ಈಗ ನಲವತ್ತು ಮೀಟರಿನವರೆಗೆ ಹೋಗಿ ಬಂದಿದೆ. ಅಲ್ಲಿಂದ ಸುರಂಗ ಎಡಕ್ಕೆ ತಿರುಗುತ್ತದೆ, ಅಲ್ಲಿ ನಿಜಕ್ಕೂ ರಿಮೋಟಿನ ಅಲೆ ಸಿಗುವುದಿಲ್ಲ. ತಿರುವಿಗೂ ಮೊದಲೇ ಕುಸಿದ ಮಣ್ಣಿನ ಗುಪ್ಪೆ ಕ್ಯಾಮೆರಾದಲ್ಲಿ ಸಿಕ್ಕಿದೆ, ಅದರ ಹಿಂದೆ ನೀರು ಕಟ್ಟಿ ನಿಂತಿದೆ. ತೆಗೆಯಲು ಸುರಂಗದ ಕೆಲಸ ಬಲ್ಲವರನ್ನೇ ಕರೆಯಬೇಕು.

ಉಳಿದ 7805ಗಳಲ್ಲಿ ಒಂದಕ್ಕೆ ಕೆಲಸ ಸಿಕ್ಕಿತು. ಅಮ್ಮನ ನಾಲ್ಕು ಸೆಲ್ಲಿನ ಹಳೆಯ ರೇಡಿಯೋವನ್ನು 9 ವೋಲ್ಟಿನ ಅಡಾಪ್ಟರಿಗೆ ಜೋಡಿಸಲು ಮೊದಲು ಎಲ್‌ಎಂ2596 ಹಾಕಿದ್ದೆ. ಆ ಒಂದೂವರೆ ಲಕ್ಷ ಬಾರಿಯ ಹಾಕಿ ತೆಗೆಯುವಿಕೆ ಮಧ್ಯಮ ತರಂಗದ ಮೇಲೆ ಬಿದ್ದು, ವಾರ್ತೆಯ ಬದಲು ಬರೀ ಸುಂಯ್ ಸದ್ದು. 7805 ಹಾಕಿದ ಮೇಲೆ ಸದ್ದು ಹೋಯಿತು. ರೇಡಿಯೋ ಎಳೆಯುವ ಅಲ್ಪ ಕರೆಂಟಿಗೆ ಅದರ ಮೈ ಬೆಚ್ಚಗೂ ಆಗುವುದಿಲ್ಲ.